ಹಡಗು ನಿಂತ ಐದು ತಾಸು

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಅರ್ಧಕ್ಕೇ ತಡೆಯುತ್ತಿದ್ದವಳು ನಾನು. ಇಂಡಿ ಊರಿನ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತಾರು ವರ್ಷ ಗಣಿತ ಕಲಿಸಿದ್ದೇನೆ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿದ ಕೂಡಲೇ ಯಾರದೋ ಮಾವನಿಗೆ ಹೊಲದ ಬದುವಿನಲ್ಲಿ ಏನೋ ಕಂಡಿತಂತೆ, ಯಾರದೋ ಅತ್ತೆ ಸತ್ತ ದಿನವೇ ಬಾಗಿಲು ಬಡಿದಳಂತೆ. ನಾನು ರೊಟ್ಟಿ ಮುರಿಯುತ್ತಲೇ ಮೂರು ಪ್ರಶ್ನೆ ಕೇಳುತ್ತಿದ್ದೆ: ಎಷ್ಟು ಗಂಟೆಗೆ, ಎಷ್ಟು ದೂರದಿಂದ, ಜೊತೆಗೆ ಯಾರಿದ್ದರು. ಮೂರನೆಯದಕ್ಕೆ ಬರುವಷ್ಟರಲ್ಲಿ ಕಥೆ ಮುಗಿದು ಹೋಗಿರುತ್ತಿತ್ತು. ಹೇಳುತ್ತಿದ್ದವರು ಮುಖ ಸಣ್ಣದು ಮಾಡಿಕೊಂಡು ಉಪ್ಪಿನಕಾಯಿ ಡಬ್ಬಿ ಮುಂದೆ ತಳ್ಳುತ್ತಿದ್ದರು. ಈಗ ನನ್ನದೇ ಒಂದು ಕಥೆ ಹೇಳಬೇಕಾಗಿದೆ. ಆ ಮೂರೂ ಪ್ರಶ್ನೆಗಳಿಗೆ ನನ್ನ ಬಳಿ ಸರಿಯಾದ ಉತ್ತರಗಳಿವೆ. ತಲೆನೋವೇ ಅದು.

ಮೂರು ವರ್ಷದ ಹಿಂದಿನ ಮಾತು. ನನ್ನ ತಮ್ಮ ಮಲ್ಲು ಸಿಂದಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವ್ವ ಅವನ ಮನೆಯಲ್ಲೇ ಇರುತ್ತಾಳೆ. ಆ ವರ್ಷ ಅವನ ತಲೆಯಲ್ಲಿ ಯಾರು ತುಂಬಿದರೋ, ಅವ್ವನನ್ನು ದೊಡ್ಡ ಹಡಗಿನಲ್ಲಿ ಕರೆದುಕೊಂಡು ಹೋಗಲೇಬೇಕು ಎಂದು ಹಟ ಹಿಡಿದ. ಮುಂಬೈಯಿಂದ ಹೊರಟು, ಗೋವಾದಲ್ಲಿ ಒಂದು ಹಗಲು ನಿಂತು, ತಿರುಗಿ ಮುಂಬೈಗೆ ಬರುವ ಹಡಗು. ವಿಜಯಪುರಕ್ಕೆ ಹೋದರೆ ಗೋವಾಕ್ಕೆ ಬಸ್ಸು ಸಿಗುತ್ತದೆ ಎಂದು ನಾನು ಹೇಳಿದೆ. ಅವನು ನನ್ನನ್ನು ಪಾಪ ಎಂಬಂತೆ ನೋಡಿದ. ಹೀಗಾಗಿ ಗೋವಾ ನೋಡಲು ನಾವು ಮೊದಲು ಸೊಲ್ಲಾಪುರಕ್ಕೆ ಜೀಪಿನಲ್ಲಿ, ಅಲ್ಲಿಂದ ರೈಲಿನಲ್ಲಿ ಮುಂಬೈಗೆ, ಅಲ್ಲಿಂದ ಒಂದು ಹಗಲು ಒಂದು ರಾತ್ರಿ ನೀರಿನ ಮೇಲೆ ಹೋದೆವು. ಅವ್ವ, ಮಲ್ಲು, ಅವನ ಹೆಂಡತಿ ಸವಿತಾ, ನಾನು, ನಮ್ಮ ಮನೆಯವರು. ಒಟ್ಟು ಐದು ಜನ.

ಹಡಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲದಕ್ಕೂ ಸಾಲು. ಊಟಕ್ಕೆ ಸಾಲು, ಲಿಫ್ಟಿಗೆ ಸಾಲು, ಸಾಲು ಎಲ್ಲಿದೆ ಎಂದು ಕೇಳಲೂ ಒಂದು ಸಾಲು. ಹತ್ತು ನಿಮಿಷಕ್ಕೊಮ್ಮೆ ಧ್ವನಿವರ್ಧಕದಲ್ಲಿ ಯಾವುದೋ ಹುಡುಗಿ ನಾವು ಎಷ್ಟು ಖುಷಿಯಾಗಿದ್ದೇವೆ ಎಂದು ನಮಗೇ ಹೇಳುತ್ತಿದ್ದಳು. ಸವಿತಾ ಕಟ್ಟಿಕೊಂಡು ತಂದಿದ್ದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ಹಡಗಿನವರು ಒಳಗೆ ಬಿಡದೆ ಬಾಗಿಲಲ್ಲೇ ತೆಗೆಸಿಕೊಂಡಿದ್ದರು. ಆ ಸಿಟ್ಟು ಅವಳಿಗೆ ಕೊನೆಯವರೆಗೂ ಇಳಿಯಲಿಲ್ಲ. ಅವ್ವ ಮಾತ್ರ ಕೊಟ್ಟ ಕುರ್ಚಿಯಲ್ಲಿ ಕೂತು, ಕೊಟ್ಟದ್ದನ್ನು ತಿಂದು, ಕೇಳಿದ್ದಕ್ಕೆಲ್ಲ 'ಚಲೋ ಐತಿ' ಎನ್ನುತ್ತಿದ್ದಳು.

ಅವ್ವ ಹಾಗೆಯೇ. ಎಪ್ಪತ್ತನಾಲ್ಕು ವರ್ಷದಲ್ಲಿ ಆಕೆ ತನಗೆ ಇಂಥದ್ದು ಬೇಕು, ಇಂಥದ್ದು ಬೇಡ ಎಂದದ್ದನ್ನು ನಾನು ಕೇಳಿಲ್ಲ. ಸೀರೆ ಅಂಗಡಿಗೆ ಹೋದರೂ 'ನೀವು ಹೆಂಗ ಅಂತೀರಿ ಹಂಗ' ಎನ್ನುತ್ತಾಳೆ. ಜನ ಅದನ್ನು ದೊಡ್ಡ ಗುಣವೆಂದು ಹೊಗಳುತ್ತಾರೆ. ಜೊತೆಗಿದ್ದು ಬಾಳಿದವರಿಗೆ ಗೊತ್ತು, ಅದರಷ್ಟು ರೇಗಿಸುವ ಗುಣ ಇನ್ನೊಂದಿಲ್ಲ. ಆಕೆಯ ಪರವಾಗಿ ಉಳಿದವರು ಜಗಳವಾಡಬೇಕಾಗುತ್ತದೆ.

ಜಗಳ ಹಡಗಿನಲ್ಲೇ ಶುರುವಾಯಿತು. ಗೋವಾದ ಬಂದರಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಇಳಿಸುತ್ತಾರೆ, ಸಂಜೆ ನಾಲ್ಕರೊಳಗೆ ಎಲ್ಲರೂ ತಿರುಗಿ ಗೇಟಿನ ಹತ್ತಿರ ಇರಬೇಕು. ಐದು ತಾಸು. ಅಷ್ಟರಲ್ಲಿ ದಕ್ಷಿಣಕ್ಕೆ ಹೋದರೆ ಕೋಲ್ವಾದ ಸಮುದ್ರ ದಂಡೆ, ಉತ್ತರಕ್ಕೆ ಹೋದರೆ ಪಣಜಿಯ ಹಳೆಯ ಓಣಿಗಳು. ಎರಡೂ ಆಗುವುದಿಲ್ಲ. ನಮ್ಮ ಮನೆಯವರು ಸರ್ವೇಯರ್ ಆಗಿ ನಿವೃತ್ತರಾದವರು. ಅವರು ಫೋನಿನಲ್ಲಿ ನಕ್ಷೆ ತೆಗೆದು, ದೂರ ಲೆಕ್ಕ ಹಾಕಿ, ಆಗುವುದಿಲ್ಲ ಎಂದು ಹೇಳಿ ಫೋನನ್ನು ಜೇಬಿಗಿಟ್ಟುಕೊಂಡರು.

ಮಲ್ಲುವಿನದು ಸಮುದ್ರ ದಂಡೆ. ಅವ್ವ ಹುಟ್ಟಿದಾಗಿನಿಂದ ಡೋಣಿ ಹಳ್ಳ ಬಿಟ್ಟು ದೊಡ್ಡ ನೀರು ನೋಡಿಲ್ಲ, ಆಕೆ ಒಮ್ಮೆ ಸಮುದ್ರದಲ್ಲಿ ಕಾಲಿಡಬೇಕು ಎಂದು ಅವನು. ನಿನ್ನೆಯಿಂದ ಸಮುದ್ರದ ಮೇಲೇ ಕೂತಿದ್ದೇವಲ್ಲ, ಮತ್ತೆ ಅದೇ ನೀರು ತೋರಿಸಲು ಟ್ಯಾಕ್ಸಿ ಯಾಕೆ ಎಂದು ನಾನು. ನನ್ನ ಹಟಕ್ಕೂ ಕಾರಣವಿತ್ತು. ಮದುವೆಗೆ ಮೊದಲು ಅಪ್ಪ ಒಂದು ವರ್ಷ ಪಣಜಿಯಲ್ಲಿ ಒಬ್ಬ ಬೇಳೆ ವ್ಯಾಪಾರಿಯ ಹತ್ತಿರ ಗುಮಾಸ್ತನಾಗಿದ್ದ. ನೀಲಿ ಹಳದಿ ಬಣ್ಣದ ಮನೆಗಳು, ಓಣಿಯಿಂದ ಓಣಿಗೆ ಹತ್ತುವ ಕಲ್ಲಿನ ಮೆಟ್ಟಿಲು, ಬೆಳಿಗ್ಗೆ ಸೈಕಲ್ಲಿನ ಹಾರ್ನು ಒತ್ತುತ್ತ ಪಾವ್ ಮಾರಲು ಬರುವವರು. ಸಾಯುವವರೆಗೂ ಅವನು ಅದನ್ನೇ ಹೇಳಿದ. ಅವ್ವನನ್ನು ಒಮ್ಮೆಯೂ ಕರೆದುಕೊಂಡು ಹೋಗಲಿಲ್ಲ. ಇಷ್ಟು ಹತ್ತಿರ ಬಂದು ಅದನ್ನು ನೋಡದೆ ಮರಳಿನಲ್ಲಿ ಕೂತು ಏನು ಮಾಡುವುದು?

ಅವ್ವನನ್ನು ಕೇಳಿದೆವು. 'ನೀವು ಹೆಂಗ ಅಂತೀರಿ ಹಂಗ' ಎಂದಳು.

ಬಂದರಿನ ಗೇಟು ದಾಟಿ ಹೊರಗೆ ಬಂದಾಗ ನಾನೂ ಮಲ್ಲುವೂ ಟ್ಯಾಕ್ಸಿಯವರ ಗದ್ದಲದ ನಡುವೆ ನಿಂತು ದನಿ ಏರಿಸಿ ಮಾತಾಡುತ್ತಿದ್ದೆವು. ಅವನು, ಎಲ್ಲರ ಮೇಲೂ ಮೇಷ್ಟ್ರಗಿರಿ ಮಾಡಿ ನಿನಗೆ ರೂಢಿಯಾಗಿದೆ ಎಂದ. ಅವ್ವ ನಿನ್ನ ಅಂಗಡಿಯ ಗೊಬ್ಬರದ ಚೀಲವಲ್ಲ, ಬೇಕಾದ ಕಡೆ ಎತ್ತಿ ಇಡಲಿಕ್ಕೆ ಎಂದು ನಾನು. ಆಮೇಲಿನದು ನನಗೆ ಸ್ಪಷ್ಟವಾಗಿ ನೆನಪಿದೆ. ನಾನು ಅವ್ವನ ಮೊಣಕೈ ಹಿಡಿದು, ತಿರುಗಿ ನೋಡದೆ ನಡೆದೆ. ನಮ್ಮ ಮನೆಯವರು ಒಂದು ಬಿಳಿ ಟ್ಯಾಕ್ಸಿಯ ಬಾಗಿಲು ತೆರೆದರು. ಅವ್ವ ಒಳಗೆ ಕೂತಳು. ಆಕೆಯ ಹಸಿರು ಇಳಕಲ್ ಸೀರೆಯ ಸೆರಗು ಬಾಗಿಲಲ್ಲಿ ಸಿಕ್ಕಿತು, ನಾನೇ ಬಾಗಿಲು ತೆಗೆದು ಸೆರಗು ಒಳಗೆಳೆದುಕೊಂಡು ಮತ್ತೆ ಹಾಕಿದೆ. ಗೆದ್ದೆ ಅನ್ನಿಸಿತು. ಸಿಟ್ಟಿನಲ್ಲಿ ಫೋನನ್ನು ಬ್ಯಾಗಿನ ತಳಕ್ಕೆ ಹಾಕಿದೆ.

ಪಣಜಿಗೆ ಮುಟ್ಟಲು ತಾಸಿನ ಹತ್ತಿರ ಹಿಡಿಯಿತು. ಅವ್ವ ದಾರಿಯುದ್ದ ಕಿಟಕಿಯ ಹೊರಗೆ ನೋಡುತ್ತಿದ್ದಳು. ಓಣಿಗಳು ಅಪ್ಪ ಹೇಳಿದ ಹಾಗೆಯೇ ಇದ್ದವು. ಹೆಂಚಿನ ಮಾಡು, ಬಣ್ಣದ ಗೋಡೆ, ಸಣ್ಣ ಸಣ್ಣ ಬಾಲ್ಕನಿ. ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರ ಹಾವಳಿ ಒಂದಿತ್ತು, ಅದನ್ನು ಅಪ್ಪ ಹೇಳಿರಲಿಲ್ಲ. ಅವ್ವ ನಿಧಾನವಾಗಿ ನಡೆದಳು. ಒಂದು ವಿಷಯ ಮಾತ್ರ ನನಗೆ ಆಗಲೇ ಕಿರಿಕಿರಿ ಮಾಡಿತ್ತು. ಒಣ ಬಿಸಿಲಿನ ಓಣಿ, ಎಲ್ಲೂ ಒಂದು ಹನಿ ನೀರಿಲ್ಲ. ಆಕೆ ನಡೆಯುವಾಗ ಎರಡೂ ಕೈಯಿಂದ ಸೀರೆಯ ನಿರಿಗೆ ಎತ್ತಿ ಹಿಡಿಯುತ್ತಿದ್ದಳು. ಹೊಳೆ ದಾಟುವವರು ಹಿಡಿಯುವ ಹಾಗೆ. ಯಾಕೆಂದು ಕೇಳಿದರೆ ತಟ್ಟನೆ ಬಿಡುತ್ತಿದ್ದಳು, ನಾಲ್ಕು ಹೆಜ್ಜೆಗೆ ಮತ್ತೆ ಎತ್ತುತ್ತಿದ್ದಳು.

ಒಂದು ನೀಲಿ ಮನೆಯ ಪಕ್ಕದ ಮೆಟ್ಟಿಲ ಮೇಲೆ ಕೂತೆವು. ನಮ್ಮ ಮನೆಯವರು ಪಾವ್ ತಂದುಕೊಟ್ಟು, ಮೇಲಿನ ಓಣಿ ನೋಡಿ ಬರುತ್ತೇನೆಂದು ಹತ್ತಿಹೋದರು. ಅವ್ವ ಅರ್ಧ ಪಾವ್ ತಿಂದು, ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಳು. ಆಮೇಲೆ ನನ್ನ ಕೈ ಹಿಡಿದಳು. ಆಕೆಯ ಅಂಗೈ ತಣ್ಣಗೆ, ಹಸಿಯಾಗಿತ್ತು.

ಇಲ್ಲಿ ನನ್ನದೊಂದು ಹಳೆಯ ಸಂಗತಿ ಹೇಳಬೇಕು. ನಾನು ಆರು ವರ್ಷದವಳಿದ್ದಾಗ ನನ್ನನ್ನು ಹೂವಿನ ಹಿಪ್ಪರಗಿಯ ಸೋದರತ್ತೆಯ ಮನೆಗೆ ಕಳಿಸಿಬಿಟ್ಟರು. ಅತ್ತೆಗೆ ಮಕ್ಕಳಿರಲಿಲ್ಲ. ಒಂದು ಮಗು ಕೊಡು ಎಂದು ಅಣ್ಣನನ್ನು ಕೇಳಿದಳು. ಹಿರಿಯರು ಕೂತು ಮಾತಾಡಿದರು. ಮಲ್ಲು ಮನೆಯಲ್ಲಿ ಉಳಿದ, ನಾನು ಹೋದೆ. ಎಂಟು ವರ್ಷ ಅಲ್ಲಿದ್ದೆ. ಅತ್ತೆ ಚೆನ್ನಾಗಿಯೇ ನೋಡಿಕೊಂಡಳು, ದೂರುವಂಥದ್ದು ಏನೂ ಇಲ್ಲ. ಆದರೆ ನನ್ನನ್ನು ಯಾಕೆ ಕಳಿಸಿದಿರಿ ಎಂದು ನಾನು ಅವ್ವನನ್ನು ಎಂದೂ ಕೇಳಲಿಲ್ಲ, ಆಕೆಯೂ ಎಂದೂ ಹೇಳಲಿಲ್ಲ. ಐವತ್ತು ವರ್ಷ ಆ ಮಾತು ನಮ್ಮ ನಡುವೆ ಬಂದಿರಲಿಲ್ಲ.

ಆ ಮೆಟ್ಟಿಲ ಮೇಲೆ ಕೂತು ಅವ್ವ ಹೇಳಿದಳು: 'ನಿನ್ನ ಹಿಪ್ಪರಗಿಗೆ ಕಳಸಬಾರದಿತ್ತು. ಎಲ್ಲಾರೂ ನನ್ನ ಮಾರಿ ನೋಡಿದ್ರು. ನಾ ಒಲ್ಲೆ ಅನಬೇಕಿತ್ತು. ಅನಲಿಲ್ಲ.'

ಸ್ವಲ್ಪ ಹೊತ್ತಿಗೆ ನಮ್ಮ ಮನೆಯವರು ಇಳಿದು ಬಂದರು, ಹೊತ್ತಾಯಿತು ಎಂದರು. ಹೊರಡುವಾಗ ಅವ್ವ ಮುಂದೆ ನಡೆಯುತ್ತಿದ್ದುದನ್ನು ಹಿಂದಿನಿಂದ ಒಂದು ಫೋಟೊ ತೆಗೆದೆ. ಎದುರಿನಿಂದ ತೆಗೆದರೆ ಆಕೆ ಮುಖ ಮುಚ್ಚಿಕೊಳ್ಳುತ್ತಾಳೆ.

ಬಂದರಿನ ಗೇಟಿಗೆ ಬಂದಾಗ ಕಾಲು ನೋಯುತ್ತವೆ ಎಂದು ಅವ್ವ ಮರದ ಕೆಳಗಿನ ಸಿಮೆಂಟಿನ ಕಟ್ಟೆಯ ಮೇಲೆ ಕೂತಳು. ನಮ್ಮ ಮನೆಯವರು ಸಾಲಿನಲ್ಲಿ ನಿಂತರು, ನಾನು ಶೌಚಾಲಯ ಹುಡುಕಿಕೊಂಡು ಹೋದೆ. ತಿರುಗಿ ಬರುವಷ್ಟರಲ್ಲಿ ಮಲ್ಲುವೂ ಸವಿತಾಳೂ ಅವ್ವನ ಪಕ್ಕ ನಿಂತಿದ್ದರು. ಈಗ ಬಂದರು ಎಂದುಕೊಂಡೆ. ಅವನೊಂದಿಗೆ ಮಾತು ಬಿಟ್ಟಿದ್ದರಿಂದ ಕೇಳಲಿಲ್ಲ. ಐದೂ ಜನ ಕೊರಳಿನ ಕಾರ್ಡು ತೋರಿಸಿ ಹಡಗು ಹತ್ತಿದೆವು. ಅವ್ವ ಹೋಗಿ ಮಲಗಿಬಿಟ್ಟಳು.

ಸಂಜೆ ಊಟಕ್ಕೆ ಕೂತಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಕೊನೆಗೂ ಅವ್ವ ಅಪ್ಪನ ಓಣಿ ನೋಡಿದಳು ಎಂದೆ. ಮಲ್ಲು ಚಮಚ ಕೆಳಗಿಟ್ಟು ನನ್ನನ್ನೇ ನೋಡಿದ.

'ಯಾವಾಗ ನೋಡಿದ್ಲು? ಅವ್ವ ನಮ್ಮ ಜೋಡಿ ಕೋಲ್ವಾದಾಗ ಇದ್ಲಲ್ಲ.'

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಅವನೂ ಹಾಗೇ ಅಂದುಕೊಂಡ. ಐದು ನಿಮಿಷ ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಸಾಕು ಎನ್ನುತ್ತಿದ್ದೆವು. ಆಮೇಲೆ ಅವನು ಹೇಳಿದ್ದಿಷ್ಟು. ಗೇಟಿನ ಹೊರಗೆ ಜಗಳವಾದ ಮೇಲೆ ಅವನು ಅವ್ವನ ಕೈ ಹಿಡಿದು, ತಿರುಗಿ ನೋಡದೆ, ಒಂದು ಟ್ಯಾಕ್ಸಿಯಲ್ಲಿ ಕೂರಿಸಿದ. ನಾನು ಸಿಟ್ಟಿನಿಂದ ಗಂಡನನ್ನು ಕರೆದುಕೊಂಡು ಬೇರೆ ಹೋದೆ ಎಂದುಕೊಂಡ. ಕೋಲ್ವಾದಲ್ಲಿ ಅವ್ವ ಮೊದಲು ಹೆದರಿದಳು, ಆಮೇಲೆ ಮೊಣಕಾಲಿನವರೆಗೆ ನೀರಿಗಿಳಿದಳು, ಅಲೆ ಬಂದಾಗಲೆಲ್ಲ ನಕ್ಕಳು. ಅಪ್ಪ ಸತ್ತ ಮೇಲೆ ಆಕೆ ಹಾಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ. ತಿರುಗಿ ಬಂದಾಗ ಅವನು ಟ್ಯಾಕ್ಸಿಯವನ ಜೊತೆ ಮಾತಾಡುತ್ತಿದ್ದ, ಸವಿತಾ ಚಪ್ಪಲಿಯ ಮರಳು ಝಾಡಿಸುತ್ತಿದ್ದಳು, ಅವ್ವ ಮುಂದೆ ಹೋಗಿ ಕಟ್ಟೆಯ ಮೇಲೆ ಕೂತಳು.

ಸವಿತಾ ಸುಳ್ಳು ಹೇಳುವ ಹೆಂಗಸಲ್ಲ. ಆಕೆ ನನ್ನ ಕಡೆ ತಿರುಗಿ, 'ಅಕ್ಕಾರ, ಅತ್ತಿಯವರ ಸೀರಿ ಅಂಚು ತೊಯ್ದಿತ್ತರಿ. ಬಂದ ಕೂಡ್ಲೆ ನಾನ ತೊಳದು ಹಾಕೇನಿ' ಎಂದಳು. ಹೋಗಿ ನೋಡಿದೆ. ಬಚ್ಚಲಿನ ದಾರದ ಮೇಲೆ ಹಸಿರು ಸೀರೆ ಇತ್ತು. ಕೆಳಗೆ ನೆಲದ ಮೇಲೆ ಸಣ್ಣ ಮರಳು. ಕೋಣೆಗೆ ಬಂದು ಅವ್ವನ ಕೈಚೀಲ ಬಿಚ್ಚಿದೆ. ಕಾಗದದಲ್ಲಿ ಸುತ್ತಿದ ಅರ್ಧ ಪಾವ್ ಇತ್ತು. ಅದನ್ನು ತಂದು ಮಲ್ಲುವಿನ ತಟ್ಟೆಯ ಪಕ್ಕ ಇಟ್ಟೆ. ಅವನು ಮುಟ್ಟಲಿಲ್ಲ.

ಇಬ್ಬರ ಫೋನಿನಲ್ಲಿದ್ದ ಫೋಟೊ ತೆರೆದು ನೋಡಿದೆವು. ನನ್ನದರಲ್ಲಿ ಓಣಿಯಲ್ಲಿ ಹಸಿರು ಸೀರೆಯ ಬೆನ್ನು. ಅವನದರಲ್ಲಿ ನೀರಿನಲ್ಲಿ ಹಸಿರು ಸೀರೆಯ ಬೆನ್ನು. ಎರಡರ ನಡುವೆ ಆರು ನಿಮಿಷದ ಅಂತರ. ನಮ್ಮ ಮನೆಯವರು ಮತ್ತೆ ನಕ್ಷೆ ತೆಗೆದರು. ತಾಸಿಗಿಂತ ಹೆಚ್ಚಿನ ದಾರಿ. ಹೊಲದ ಗಡಿ ಅಳೆದು ಅಣ್ಣತಮ್ಮಂದಿರ ಜಗಳ ಬಿಡಿಸಿದ ಮನುಷ್ಯ, ಎರಡೂ ಫೋನು ಮೇಜಿನ ಮೇಲೆ ಇಟ್ಟು, ಬೇಕಾದರೆ ಗೀತೆ ಮುಟ್ಟಿ ಹೇಳುತ್ತೇನೆ, ಅವ್ವ ನಮ್ಮ ಜೊತೆಗಿದ್ದರು ಎಂದರು. ಅತ್ತೆ ಕೋಲ್ವಾದಲ್ಲೇ ಇದ್ದರು ಎಂದು ಸವಿತಾಳೂ ಅಷ್ಟೇ ಖಚಿತವಾಗಿ ಹೇಳಿದಳು.

ನಾನು ಬಿಡಲಿಲ್ಲ. ಕೆಳಗಿನ ವಿಚಾರಣೆಯ ಕೌಂಟರಿಗೆ ಹೋಗಿ, ಸಾಲಿನಲ್ಲಿ ನಿಂತು, ನಮ್ಮ ತಾಯಿಯ ಕಾರ್ಡು ಇವತ್ತು ಎಷ್ಟು ಸಲ ಹೊರಗೆ ಹೋಗಿದೆ ನೋಡಿ ಎಂದೆ. ಒಮ್ಮೆ ಹೊರಗೆ, ಒಮ್ಮೆ ಒಳಗೆ. ಅದು ನನಗೂ ಒಪ್ಪುತ್ತಿತ್ತು, ಮಲ್ಲುವಿಗೂ ಒಪ್ಪುತ್ತಿತ್ತು. ನಾನು ಇನ್ನೂ ನಿಂತೇ ಇದ್ದುದನ್ನು ನೋಡಿ ಆ ಯುವಕ ನಾನು ದೂರು ಕೊಡಲು ಬಂದಿದ್ದೇನೆ ಎಂದು ತಿಳಿದು, ಅನಾನುಕೂಲಕ್ಕೆ ಕ್ಷಮೆ ಕೇಳಿ ಎರಡು ಕಾಫಿಯ ಕೂಪನ್ನು ಕೊಟ್ಟ.

ಬೆಳಿಗ್ಗೆ ಅವ್ವನನ್ನೇ ಕೇಳಿದೆವು. ನಾಲ್ಕೂ ಜನ ಮಂಚದ ಸುತ್ತ ನಿಂತು ಕೇಳಿದ್ದು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ನಿನ್ನೆ ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಹೋಗಿದ್ದೆ, ಸರಿಯಾಗಿ ಹೇಳು.

'ಎರಡೂ ಕಡಿ ಹೋಗಿ ಬಂದೆನಲ್ಲ' ಎಂದಳು ಅವ್ವ. 'ನೀವ ಕರಕೊಂಡು ಹೋದ್ರಿ, ಈಗ ನೀವ ಕೇಳಾಕತ್ತೀರಿ.'

ಅದು ಹೇಗಾಗುತ್ತದೆ ಎಂದು ಮಲ್ಲು ಕೇಳಿದ. ಆಕೆಯ ಮುಖದಲ್ಲಿ ಸಿಟ್ಟು ಬಂದದ್ದನ್ನು ನಾನು ಅವತ್ತೇ ಮೊದಲ ಸಲ ನೋಡಿದ್ದು.

'ಹೆಂಗ ಆಕ್ಕೈತಿ ನನಗೇನ ಗೊತ್ತು? ಇನ್ನ ಮ್ಯಾಲ ನನ್ನ ಎಲ್ಲಿಗೂ ಕರೀಬ್ಯಾಡ್ರಿ. ಕಾಲು ಭಾಳ ನೋಯಾಕತ್ತಾವು.'

ಊರಿಗೆ ಬಂದ ಮೇಲೆ ಶುರುವಾದದ್ದು ನಿಜವಾದ ಕಾಟ. ಎಲ್ಲರ ಹತ್ತಿರವೂ ಒಂದು ವಿವರಣೆ ಇತ್ತು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು, ಬಿಸಿಲಿಗೆ ತಲೆ ತಿರುಗಿ ಹಾಗಾಗುತ್ತದೆ ಎಂದರು. ಇಬ್ಬರಿಗೆ ಪಣಜಿಯಲ್ಲಿ, ಇಬ್ಬರಿಗೆ ಕೋಲ್ವಾದಲ್ಲಿ, ಒಂದೇ ಹೊತ್ತಿಗೆ? ಮುದ್ದೇಬಿಹಾಳದ ಸವಿತಾಳ ಅಣ್ಣ, ಹಸಿರು ಸೀರೆಯುಟ್ಟ ಬೇರೆ ಯಾವುದೋ ಮುದುಕಿ ಇರಬೇಕು ಎಂದ. ಹೆತ್ತ ಮಕ್ಕಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಬಸವನ ಬಾಗೇವಾಡಿಯಿಂದ ದೂರದ ನೆಂಟರೊಬ್ಬರು ಬಂದು ಅವ್ವನ ಕಾಲಿಗೆ ಬಿದ್ದರು, ಇದು ಪವಾಡ ಎಂದರು. ಅವ್ವ ಕಾಲು ಹಿಂದೆಳೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ಟಾಫ್ ರೂಮಿನಲ್ಲಿ ನನ್ನ ಮೂರು ಪ್ರಶ್ನೆಗಳನ್ನು ಈಗ ನನಗೇ ಕೇಳುತ್ತಿದ್ದರು, ನಗುತ್ತ.

ನನಗೂ ಮಲ್ಲುವಿಗೂ ಮಾತು ನಿಂತಿತು. ಅಕ್ಕನಿಗೆ ವಯಸ್ಸಾಯಿತು ಎಂದು ಅವನು ಪೇಟೆಯಲ್ಲಿ ಹೇಳಿದ್ದು ನನ್ನ ಕಿವಿಗೆ ಬಿತ್ತು. ಕಣ್ಣಿನ ಡಾಕ್ಟರಿಗೆ ತೋರಿಸಿಕೋ ಎಂದು ನಾನು ಅವನಿಗೆ ಮೆಸೇಜು ಕಳಿಸಿದೆ. ನಾವಿಬ್ಬರೂ ಯಾಕೆ ಇಷ್ಟು ಹಟ ಹಿಡಿದಿದ್ದೇವೆ ಎಂದು ನಮ್ಮ ಮನೆಯವರು ಒಮ್ಮೆ ಕೇಳಿದರು. ಅವರಿಗೆ ಮೆಟ್ಟಿಲ ಮೇಲಿನ ಮಾತು ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಅವ್ವ ಕೋಲ್ವಾದಲ್ಲಿದ್ದದ್ದು ನಿಜವಾದರೆ, ನನ್ನ ಕೈ ಹಿಡಿದು ಆ ಮಾತು ಹೇಳಿದವರು ಯಾರು? ಐವತ್ತು ವರ್ಷ ಕಾದು ಸಿಕ್ಕದ್ದನ್ನು ಒಂದು ಫೋಟೊದ ಸಲುವಾಗಿ ಬಿಟ್ಟುಕೊಡಬೇಕೇ?

ಆ ಮುಂದಿನ ವರ್ಷ ಧೈರ್ಯ ಮಾಡಿ ಸಿಂದಗಿಗೆ ಹೋದೆ. ಮಲ್ಲು ಅಂಗಡಿಯಲ್ಲಿದ್ದ. ಅವ್ವ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ತೊಗರಿ ಬೇಳೆಯಲ್ಲಿ ಹರಳು ಆರಿಸುತ್ತಿದ್ದಳು. ಪಣಜಿಯ ಮೆಟ್ಟಿಲ ಮೇಲೆ ನನಗೆ ಒಂದು ಮಾತು ಹೇಳಿದೆಯಲ್ಲ, ಏನದು ಎಂದು ಕೇಳಿದೆ. ಆಕೆ ತಲೆ ಎತ್ತಲಿಲ್ಲ.

'ಹೇಳೇನಲ್ಲ ಒಮ್ಮೆ. ಎಷ್ಟ ಸಲ ಹೇಳಸ್ತಿ?'

ಅಷ್ಟು ಸಾಕಾಗಿತ್ತು. ಅಲ್ಲಿಂದ ನೇರ ಅಂಗಡಿಗೆ ಹೋಗಿ, ಅವ್ವ ತಾನೇ ಒಪ್ಪಿಕೊಂಡಳು, ಇನ್ನಾದರೂ ಬಾಯಿ ಮುಚ್ಚು ಎಂದು ಮಲ್ಲುವಿಗೆ ಹೇಳಿದೆ. ಅವನು ಗಿರಾಕಿಗೆ ಬೀಜದ ಪೊಟ್ಟಣ ಕೊಟ್ಟು ಕಳಿಸಿ, ಆಕೆ ತನ್ನೆದುರೂ ಒಪ್ಪಿಕೊಂಡಿದ್ದಾಳೆ ಎಂದ. ನೀರಿನಲ್ಲಿ ನಿಂತಾಗ ತನಗೂ ಒಂದು ಮಾತು ಹೇಳಿದಳು, ಅದನ್ನೂ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ ಎಂದ. ಏನು ಮಾತು ಎಂದರೆ ಹೇಳಲಿಲ್ಲ. ಇನ್ನೊಂದು ಸಂಗತಿ ಮಾತ್ರ ಹೇಳಿದ, ಅದೂ ನನ್ನ ಮುಖ ನೋಡದೆ. ಕೋಲ್ವಾದ ಸಪಾಟು ಮರಳಿನ ಮೇಲೆ ನಡೆಯುವಾಗ ಅವ್ವ ಅವನ ಭುಜ ಗಟ್ಟಿಯಾಗಿ ಹಿಡಿದು, 'ಮೆಟ್ಟಲಾ ಭಾಳ ಅದಾವೋ, ಸಾವಕಾಶ' ಎಂದಳಂತೆ. ನನಗೆ ಓಣಿಯಲ್ಲಿ ಆಕೆ ನಿರಿಗೆ ಎತ್ತಿ ಹಿಡಿದದ್ದು ನೆನಪಾಯಿತು. ಅದನ್ನು ಅವನಿಗೆ ಹೇಳಿದೆ. ಬಂದ ದಾರಿಗೆ ಸುಂಕವಿಲ್ಲದೆ ನಾನು ಸಂಜೆಯ ಬಸ್ಸು ಹಿಡಿದು ಇಂಡಿಗೆ ಬಂದೆ.

ಈ ಸಲದ ಸಂಕ್ರಮಣದ ದಿನ ಮಲ್ಲು ತಾನಾಗಿ ಫೋನು ಮಾಡಿದ. ಕುಸುರೆಳ್ಳು ಕಳಿಸಿದ್ದೇನೆ, ಮುಟ್ಟಿತೇ ಎಂದು ಕೇಳಿದ. ಅವ್ವ ಆರಾಮಿದ್ದಾಳೆ, ಈಗ ಅಂಗಳ ದಾಟಿ ಹೆಚ್ಚು ಹೋಗುವುದಿಲ್ಲ ಎಂದ. ಸ್ವಲ್ಪ ಹೊತ್ತು ಅದು ಇದು ಮಾತಾಡಿ, ಆಮೇಲೆ ದನಿ ಇಳಿಸಿ, 'ಅಕ್ಕ, ನೀ ಹೇಳಿದ್ದ ಖರೇ ಇರಬೇಕು' ಎಂದ. 'ನಾ ಬ್ಯಾರೆ ಯಾರನೋ ನೋಡಿರಬೇಕು. ಹೋಗ್ಲಿ ಬಿಡು. ಮನಿಗೆ ಬಂದು ಹೋಗು.'

ಮೂರು ವರ್ಷದಿಂದ ನಾನು ಅವನ ಬಾಯಿಂದ ಕೇಳಬೇಕೆಂದಿದ್ದ ಮಾತು ಅದು. ಕೇಳಿದ ಮೇಲೆ ಖುಷಿಯಾಗಬೇಕಿತ್ತು. ಆದರೆ ನನಗೆ ಆ ಫೋಟೊದಲ್ಲಿ ನೀರಿಗಿಳಿದು ನಿಂತ ಬೆನ್ನು ಕಣ್ಣೆದುರು ಬಂತು. ಇವನು ಅದನ್ನು ಬಿಟ್ಟುಕೊಟ್ಟರೆ ಅಲ್ಲಿ ಅವ್ವ ನಕ್ಕದ್ದು ಯಾರ ಲೆಕ್ಕಕ್ಕೂ ಇಲ್ಲದೆ ಹೋಗುತ್ತದೆ. ಅವನು ಯಾರಿಗೂ ಹೇಳದೆ ಇಟ್ಟುಕೊಂಡ ಮಾತೂ ಹೋಗುತ್ತದೆ.

'ಹಂಗ ಅನಬ್ಯಾಡ, ಮಲ್ಲು' ಎಂದೆ. 'ಅಕಿ ನಿನ್ನ ಜೋಡಿ ಇದ್ಲು.'

'ಮತ್ತ ನಿನ್ನ ಜೋಡಿ?'

'ನನ್ನ ಜೋಡಿನೂ ಇದ್ಲು.'

ಅದು ಹೇಗೆ ಎಂದು ಅವನು ಕೇಳಿದ. ಗೊತ್ತಿಲ್ಲ ಎಂದೆ. ಯಾರಾದರೂ ವಿದ್ಯಾರ್ಥಿ ಇಂಥ ಉತ್ತರ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿ ಪಾಲಕರನ್ನು ಕರೆಸುತ್ತಿದ್ದೆ. ಆದರೂ ನನಗೆ ಇದಕ್ಕಿಂತ ಮುಂದೆ ಹೋಗಲು ಆಗಿಲ್ಲ. ನಿಮ್ಮಲ್ಲಿ ಯಾರ ಬಳಿಯಾದರೂ ವಿವರಣೆ ಇದ್ದರೆ ದಯವಿಟ್ಟು ನನಗೆ ಹೇಳಬೇಡಿ. ಕೇಳಿ ಕೇಳಿ ಸಾಕಾಗಿದೆ. ಬರುವ ರವಿವಾರ ಸಿಂದಗಿಗೆ ಹೋಗುವುದಿದೆ. ಅವ್ವನ ಕಾಲಿಗೆ ಹಚ್ಚಲು ಎಣ್ಣೆ ತರಲು ಮಲ್ಲು ಹೇಳಿದ್ದಾನೆ.